ಬಿಡುವಿನ ಹೊತ್ತಿನಲ್ಲಿ ನಾನು ಎಲ್ಲಿ ನಿಲ್ಲುತ್ತೇನೆ

ಕಾಡಿಸುವ ಹುಡುಗರು ಟೀಚರ್ ಕಣ್ಣೆದುರು ಕಾಡಿಸುವುದಿಲ್ಲ. ಮೆಟ್ಟಿಲ ತಿರುವು, ನೀರಿನ ನಲ್ಲಿ, ಶೌಚಾಲಯದ ಬಾಗಿಲು, ಖಿಚಡಿಯ ಸಾಲು, ಅವರ ಜಾಗಗಳು ಇವೇ. ಮುಂಬಯಿಯ ಕನ್ನಡ ಮಾಧ್ಯಮದ ಪಾಲಿಕೆ ಶಾಲೆಯೊಂದರಲ್ಲಿ ಆರನೇ ತರಗತಿ ನನ್ನದು. ಬಿಡುವಿನಲ್ಲಿ ನಾನು ಸ್ಟಾಫ್‌ರೂಮಿನಲ್ಲಿ ಸಿಗುವುದು ಕಡಿಮೆ. ಮೆಟ್ಟಿಲ ತಿರುವಿನಲ್ಲಿ ಇರುತ್ತೇನೆ.

ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ನಮ್ಮಲ್ಲಿ ಜಾಸ್ತಿ. ವರ್ಷದ ನಡುವೆಯೂ ಬಂದು ಸೇರುತ್ತಾರೆ. ಇಲ್ಲೇ ಬೆಳೆದವರಿಗೆ ಹಿಂದಿ, ಮರಾಠಿ ಸಲೀಸು. ಹೊಸಬ ಒಂದು ಮಾತಿಗೆ ತಡವರಿಸಿದರೆ ಸಾಕು, 'ಗಾವಠಿ', ಅಂದರೆ ಹಳ್ಳಿಗುಗ್ಗು, ಅಂತ ಹೆಸರು ಬಿತ್ತು. ಒಂದು ದಿನದ ತಮಾಷೆಗೆ ನಾನು ತಲೆಹಾಕುವುದಿಲ್ಲ. ದಿನಾ, ಬೇಕೂಂತಲೇ, ತಿರುಗಿ ನಿಲ್ಲಲಾಗದವನ ಮೇಲೆ ನಡೆದರೆ ಅದು ತಮಾಷೆ ಅಲ್ಲ. ಶಾಲೆಯ ಕಿರುಕುಳವನ್ನು 1970ರ ದಶಕದಿಂದ ಅಧ್ಯಯನ ಮಾಡಿದ ಡಾನ್ ಓಲ್ವೇಯುಸ್ ಅವರ ಅಳತೆಯೂ ಇದೇ.

ಇಬ್ಬರನ್ನೂ ಎದುರೆದುರು ನಿಲ್ಲಿಸಿ 'ಸಾರಿ ಹೇಳು' ಅನ್ನುವುದು ಸುಲಭ. ನಾನದನ್ನು ಮಾಡುವುದಿಲ್ಲ. ಇಲ್ಲಿ ಸಾರಿ ಹೇಳಿದವನು ಗೇಟಿನ ಹೊರಗೆ ಬಡ್ಡಿ ಸಮೇತ ವಸೂಲು ಮಾಡುತ್ತಾನೆ. ಮೊದಲು ಪೆಟ್ಟು ತಿಂದವನನ್ನು ಬೇರೆ ಕೂರಿಸಿ ಕೇಳುತ್ತೇನೆ. ಆಮೇಲೆ ನೋಡಿ ನಕ್ಕವರನ್ನು, ಒಬ್ಬೊಬ್ಬರಾಗಿ. ನನ್ನ ಹೆಚ್ಚಿನ ಹೊತ್ತು ಹೋಗುವುದು ಇವರಿಗೇ. "ನಾ ದೂಡಿಲ್ರೀ ಟೀಚರ್, ಸುಮ್ನೆ ನಕ್ಕೆ" ಅಂತಾರೆ. ಸರಿ, ನಾಳೆ ನಲ್ಲಿ ಹತ್ತಿರ ಅವನ ಜೊತೆ ಹೋಗು, ಕಬಡ್ಡಿಗೆ ನಿನ್ನ ಕಡೆ ಕರೆ ಅನ್ನುತ್ತೇನೆ. ನಗುವವರೇ ಇಲ್ಲದಿದ್ದರೆ ಕಾಡಿಸುವವನಿಗೆ ಏನು ಮಜಾ, ಅಲ್ವಾ? ಅವನ ಜೊತೆ ಮಾತು ಕೊನೆಗೆ.

ಒಬ್ಬ ಹುಡುಗನ ಅಪ್ಪನನ್ನು ಕರೆಸಿದಾಗ, "ಎರಡು ಬಾರಿಸ್ರಿ ಟೀಚರ್, ನಾವೇನೂ ಅನ್ನೂದಿಲ್ಲ" ಅಂದರು. ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಕಾಯ್ದೆ ಹಾಗಿರಲಿ, ನಾನು ಹೊಡೆದರೆ ದೊಡ್ಡವರು ಸಣ್ಣವರನ್ನು ಹೊಡೆಯಬಹುದು ಅಂತ ನಾನೇ ತೋರಿಸಿಕೊಟ್ಟಂತೆ. ಅಡ್ಡಹೆಸರೂ ಅಷ್ಟೇ. ಟೀಚರ್ ಒಬ್ಬರು ತಮಾಷೆಗೆ 'ಏ ದಢೂತಿ' ಅಂದರೆ, ಸಂಜೆಯೊಳಗೆ ಇಡೀ ಶಾಲೆಗೆ ಅದೇ ಹೆಸರು.

ದಿನಾಂಕ, ಜಾಗ, ನೋಡಿದವರು ಯಾರು ಅಂತ ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಅದನ್ನು ತೋರಿಸಿಯೇ ಹೆಡ್‌ಮಾಸ್ಟರ್ ಹತ್ತಿರ ಬಿಡುವಿನ ಡ್ಯೂಟಿ ಪಟ್ಟಿ ಮಾಡಿಸಿದೆ. ಈಗ ನಲ್ಲಿ ಹತ್ತಿರ ಒಬ್ಬರು, ಖಿಚಡಿ ಸಾಲಿಗೆ ಒಬ್ಬರು ಇರುತ್ತಾರೆ. ಶೌಚಾಲಯದ ಕಡೆ ನಿಲ್ಲಲು ಮಾತ್ರ ಇನ್ನೂ ಯಾರೂ ಒಪ್ಪಿಲ್ಲ.