ಗಾಜಿನ ಹಿಂಬದಿಯಲ್ಲಿ ಚಿತ್ರ: ಮ್ಯುಂಟರ್ ಕಲಿತ ಕಸುಬು

ಜರ್ಮನ್ ಚಿತ್ರಕಲಾವಿದೆ ಗ್ಯಾಬ್ರಿಯೆಲೆ ಮ್ಯುಂಟರ್ (1877–1962) ಎಂದೊಡನೆ ಆಕೆಯ ಸಂಗಾತಿಯಾಗಿದ್ದ ಚಿತ್ರಕಲಾವಿದ ಕ್ಯಾಂಡಿನ್‌ಸ್ಕಿಯ ಕಥೆ ಶುರುವಾಗುತ್ತದೆ; ಅದು ಸಾಕಾಗಿದೆ. 1908ರಲ್ಲಿ ಬವೇರಿಯಾದ ಮುರ್ನಾವ್‌ಗೆ ಬಂದ ಮೇಲೆ ಆಕೆ ಅಲ್ಲಿನ ಹಳ್ಳಿಗರು ಗಾಜಿನ ಹಿಂಬದಿಯಲ್ಲಿ ಬರೆದು ಮುಂದಿನಿಂದ ನೋಡುತ್ತಿದ್ದ ದೇವರಪಟಗಳನ್ನು ನಕಲು ಮಾಡಿದರು, ಊರಿನ ಗಾಜಿನ ಚಿತ್ರಗಾರ ಹೈನ್‌ರಿಷ್ ರಾಂಬೋಲ್ಡ್ ಬಳಿ ಕಸುಬನ್ನೂ ಕಲಿತರು. ರಟ್ಟಿನ ಮೇಲಿನ ಆಕೆಯ ತೈಲಚಿತ್ರಗಳ ದಪ್ಪ ಕಪ್ಪು ಗೆರೆ, ಚಪ್ಪಟೆ ಬಣ್ಣಗಳಿಗೆ ಜೊತೆಗಾರ ಚಿತ್ರಕಲಾವಿದ ಯಾವ್ಲೆನ್‌ಸ್ಕಿಯ ಪ್ರಭಾವವೂ ಉಂಟು. ಆದರೆ ಗಾಜಿನ ಮೇಲೆ ಕೈಯಾಡಿಸಿದವರಿಗೆ ಆ ಗೆರೆಯ ಧೈರ್ಯದ ಮೂಲ ಬೇಗ ತಿಳಿಯುತ್ತದೆ.

ನಾನು ಬಳಸುವುದು 2 ಮಿ.ಮೀ. ದಪ್ಪದ, 20×25 ಸೆಂ.ಮೀ. ಗಾಜು. ಅಂಚನ್ನು ಒದ್ದೆ ಉಪ್ಪುಕಾಗದದಿಂದ ಉಜ್ಜಿ, ಸೋಪಿನಲ್ಲಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸುತ್ತೇನೆ. ಬೆರಳಿನ ಜಿಡ್ಡು ಉಳಿದರೆ ಅಲ್ಲಿ ಬಣ್ಣ ಹಿಡಿಯದೆ ಸುಕ್ಕಾಗಿ ಏಳುತ್ತದೆ. ಕರಡು ಚಿತ್ರವನ್ನು ಗಾಜಿನಡಿ ಇಡುತ್ತೇನೆ. ಮುಂದಿನಿಂದ ನೋಡುವಾಗ ಎಡಬಲ ಅದಲುಬದಲಾಗುವುದರಿಂದ ಕರಡನ್ನು, ಸಹಿಯನ್ನೂ, ತಿರುಗುಮುರುಗಾಗಿಯೇ ಬರೆಯಬೇಕು.

ಮೊದಲು ಕಪ್ಪು ಗೆರೆ. ತೆಳು ಲೈನರ್ ಕುಂಚ, ಎನಾಮೆಲ್ ಬಣ್ಣ, ಒಂದೇ ಎಳೆತ. ತಪ್ಪಿದರೆ ಒಣಗಿದ ಮೇಲೆ ಬ್ಲೇಡಿನಿಂದ ಕೆರೆಯಬಹುದು. ಹಸಿಯಲ್ಲಿ ಒರೆಸಿದರೆ ಮಸಿಯ ಕಲೆ ಹರಡುತ್ತದೆ. ಒಂದು ಇಡೀ ದಿನ ಒಣಗಬೇಕು, ಮಳೆಗಾಲದಲ್ಲಿ ಎರಡು. ಅವಸರಪಟ್ಟರೆ ಮುಂದಿನ ಬಣ್ಣದ ಟರ್ಪೆಂಟೈನ್ ಗೆರೆಯನ್ನೇ ಕರಗಿಸಿ ಎಳೆದುಕೊಂಡು ಹೋಗುತ್ತದೆ.

ಆಮೇಲೆ ಕಣ್ಣಿನ ಹೊಳಪು, ಹೂವಿನ ನಡುಬೊಟ್ಟು. ಬಳಿಕ ದೊಡ್ಡ ಬಣ್ಣದ ಪಟ್ಟೆಗಳು, ಕೊನೆಗೆ ಹಿನ್ನೆಲೆ. ಮೈಸೂರು, ತಂಜಾವೂರಿನ ಗಾಜಿನ ಪಟಗಳದ್ದೂ ಇದೇ ಲೆಕ್ಕ: ಒಡವೆ ಮೊದಲು, ಮೈಬಣ್ಣ ಆಮೇಲೆ. ಬಣ್ಣ ಕಪ್ಪು ಗೆರೆಯ ಮೇಲೆ ಹರಿದರೂ ಮುಂದಿನಿಂದ ಕಾಣದು, ಹಾಗಾಗಿ ಅಂಚು ಕಾಯುವ ಗೋಜಿಲ್ಲ. ಆದರೆ ಬಣ್ಣದ ಮೇಲೆ ಬಣ್ಣ ಹಾಕಿ ತಿದ್ದುವ ದಾರಿಯೂ ಇಲ್ಲ. ಗಾಜಿಗೆ ಮೊದಲು ತಾಗಿದ್ದೇ ಮುಂದಿನಿಂದ ಕಾಣುವುದು.

ಪ್ರತಿ ಪದರ ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಂಥ ತೂತುಗಳು ಮಿನುಗುತ್ತವೆ. ಅಲ್ಟ್ರಾಮರೀನ್ ನೀಲಿ ಪಾರದರ್ಶಕ. ಅದಕ್ಕೆ ತುಸು ಬಿಳಿ ಬೆರೆಸಿ, ಇಲ್ಲವೇ ಹಿಂದೆ ಬೆಳ್ಳಿಹಾಳೆ ಇಟ್ಟು ಹೊಳಪು ಪಡೆಯಿರಿ. ಅಕ್ರಿಲಿಕ್ ಬಳಸುವುದನ್ನು ನಾನು ಒಪ್ಪುವುದಿಲ್ಲ, ತೇವಕ್ಕೆ ಅದು ಹಾಳೆಯಂತೆ ಸುಲಿದು ಬರುತ್ತದೆ.

ಕಟ್ಟು ಹಾಕಿಸುವಾಗ ಹಿಂಬದಿಯ ರಟ್ಟು ಬಣ್ಣಕ್ಕೆ ತಾಗದಂತೆ ನಾಲ್ಕೂ ಅಂಚಿಗೆ ರಟ್ಟಿನ ತೆಳು ಪಟ್ಟಿ ಕೊಡಿಸಿ. ಅಂಟಿಕೊಂಡರೆ ಮುಂದೆ ಬಿಚ್ಚುವಾಗ ಬಣ್ಣವೆಲ್ಲ ರಟ್ಟಿನ ಜೊತೆ ಕಿತ್ತು ಬರುತ್ತದೆ.