ಬಡಾವಣೆ ಸಭೆ ಜಗಳವಾಗದಂತೆ ನಡೆಸುವುದು

ಮೈಸೂರಿನ ಕುವೆಂಪುನಗರವಿರಲಿ, ವಿಜಯನಗರವಿರಲಿ, ನಿವಾಸಿಗಳ ಸಭೆ ಕೆಡುವುದು ಹೆಚ್ಚಾಗಿ ಪಾರ್ಕಿಂಗ್, ನೀರು, ಬೀದಿನಾಯಿ ವಿಷಯಕ್ಕೆ. ಒಂದು ಸಭೆಗೆ ಎರಡೇ ವಿಷಯ ಇಟ್ಟುಕೊಳ್ಳಿ, 3 ದಿನ ಮೊದಲೇ ತಿಳಿಸಿ. ಒಬ್ಬರಿಗೆ 2 ನಿಮಿಷ. ಗಡಿಯಾರ ನೋಡುವವರು ಅಧ್ಯಕ್ಷರಾಗಬಾರದು, ಪಕ್ಷಪಾತದ ಮಾತು ಬರುತ್ತದೆ.

"ನಿಮ್ಮ ಮಗ ಗೇಟಿಗೆ ಅಡ್ಡ ಗಾಡಿ ನಿಲ್ಲಿಸ್ತಾನೆ" ಅಂದರೆ ಅಪ್ಪ ಎದ್ದು ನಿಂತೇ ನಿಲ್ಲುತ್ತಾರೆ. "ಬೆಳಿಗ್ಗೆ ಎಂಟಕ್ಕೆ ಕಾರು ತೆಗೆಯೋಕಾಗ್ತಿಲ್ಲ, ಏನ್ ಮಾಡೋಣ ಸಾರ್?" ಅಂದರೆ ಮಾತು ಗಾಡಿಯ ಮೇಲೇ ಉಳಿಯುತ್ತದೆ. ದನಿ ಏರಿತೋ, ಕಾಫಿ ತರಿಸಿ. 10 ನಿಮಿಷ ಬಿಟ್ಟು ಮುಂದುವರಿಸಿ. ನೀರು ಬಾರದ ದೂರು ಹೋಗಬೇಕಾದ್ದು ವಾಣಿ ವಿಲಾಸ ನೀರು ಸರಬರಾಜು ಕಚೇರಿಗೆ. ಪಕ್ಕದ ಮನೆಯವರನ್ನು ಬೈದು ಏನು ಬಂತು?

ನಿರ್ಧಾರವನ್ನು ಅಲ್ಲೇ ಪುಸ್ತಕದಲ್ಲಿ ಬರೆದು, ಓದಿ ಹೇಳಿ, ಸಹಿ ಹಾಕಿಸಿ. ಮನೆಗೆ ಹೋಗಿ ಬರೆದರೆ "ನಾನು ಹಾಗನ್ನಲೇ ಇಲ್ಲ" ಶುರುವಾಗುತ್ತದೆ.