ಹಳೇ ಡಿಎಎನ್ ವಿಧಾನದಲ್ಲೇ ಜೀವಕೋಶದೊಳಗಿನ ಸೆಲೆನಿಯಂ ಅಳೆದೆ

ಕ್ಯಾನ್ಸರ್ ಸೆಲ್‌ಗಳಿಗೆ ಸೆಲೆನೈಟ್ ಅನ್ನುವ ಸೆಲೆನಿಯಂ ಲವಣ ಹಾಕಿ, ಎಷ್ಟು ಸೆಲೆನಿಯಂ ಒಳಗೆ ಹೋಯಿತು ಅಂತ ಅಳೆಯುವುದು ನನ್ನ ಕೆಲಸ. ದಾವಣಗೆರೆಯಲ್ಲಿ ಕೂತು ಇದು ಆಗಲ್ಲ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಐಸಿಪಿ-ಎಂಎಸ್ (ಪರಮಾಣುಗಳನ್ನು ತೂಕದಿಂದ ಗುರುತಿಸುವ ಯಂತ್ರ) ಇಲ್ಲದೆ ಸೆಲ್ ಒಳಗಿನ ಸೆಲೆನಿಯಂ ಲೆಕ್ಕ ಸಿಗಲ್ಲ, ಡಿಎಎನ್ ಫ್ಲೋರೊಮೆಟ್ರಿ (ಸೆಲೆನಿಯಂ ಜೊತೆ ಸೇರಿದರೆ ಹೊಳೆಯುವ ಡಿಎಎನ್ ರಾಸಾಯನಿಕ ಹಾಕಿ ಆ ಹೊಳಪನ್ನು ಅಳೆಯುವುದು) ಅಜ್ಜನ ಕಾಲದ್ದು ಅಂದರು. ಈಗ ಸತತ ಆರು ಸಲ ಒಂದೇ ಥರದ ರೀಡಿಂಗ್ ಬಂದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಐಸಿಪಿ ದಾರಿಯನ್ನೇ ಹಿಡಿದಿದ್ದೆ. 24 ಸ್ಯಾಂಪಲ್ ಐಸ್ ಡಬ್ಬಿಯಲ್ಲಿಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಒಂದು ಲ್ಯಾಬಿಗೆ ಕೊಟ್ಟು ಬಂದೆ. ಒಂದಕ್ಕೆ ಸುಮಾರು 1,200 ರೂಪಾಯಿ. ಏಳು ವಾರ ಕಾದೆ. ಸೆಲೆನೈಟ್ ಹಾಕಿದ್ದಕ್ಕೂ ಹಾಕದ ಕಂಟ್ರೋಲ್‌ಗೂ ವ್ಯತ್ಯಾಸವೇ ಇರಲಿಲ್ಲ. 80ರ ಮಾಸ್‌ನಲ್ಲಿ (ಪರಮಾಣು ತೂಕದಲ್ಲಿ) ಸೆಲೆನಿಯಂ ನೋಡಿದರೆ ಯಂತ್ರದೊಳಗಿನ ಆರ್ಗಾನ್ ಅನಿಲವೂ ಜೋಡಿಯಾಗಿ ಅದೇ ತೂಕದಲ್ಲಿ ಅಡ್ಡ ಬರುತ್ತದೆ. ಯಾವ ಮಾಸ್‌ನಲ್ಲಿ ನೋಡಿದಿರಿ ಅಂತ ಎರಡು ಸಲ ಕೇಳಿದೆ, ಉತ್ತರ ಬರಲಿಲ್ಲ. 29 ಸಾವಿರ ಹೋಯಿತು. ಅದು ನನ್ನ ಕೈಯಿಂದ ಕೊಟ್ಟ ದುಡ್ಡು.

ಆಮೇಲೆ ಡಿಎಎನ್ ತರಿಸಿದೆ. 1 ಗ್ರಾಂಗೆ 9 ಸಾವಿರ ಚಿಲ್ಲರೆ ಕೊಟ್ಟ ನೆನಪು. ಪಕ್ಕದ ವಿಭಾಗದ, ಹೊಳಪು ಅಳೆಯುವ ಫ್ಲೋರಿಮೀಟರ್ ಭಾನುವಾರ ಬೆಳಿಗ್ಗೆ ಮಾತ್ರ ಸಿಗುತ್ತಿತ್ತು. ಮೊದಲ ಮೂರು ಭಾನುವಾರ ಸೆಲೆನಿಯಂ ಇಲ್ಲದ ಬ್ಲ್ಯಾಂಕೇ ಸ್ಯಾಂಪಲ್‌ಗಿಂತ ಜಾಸ್ತಿ ಹೊಳೆಯಿತು. ಡಿಎಎನ್ ದ್ರಾವಣವನ್ನು ಸೈಕ್ಲೊಹೆಕ್ಸೇನ್‌ನಲ್ಲಿ ಮೂರು ಸಲ ತೊಳೆದು, ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ ಕೆಲಸ ಮಾಡಿದ ಮೇಲೆ ಬ್ಲ್ಯಾಂಕ್ ಕೆಳಗಿಳಿಯಿತು. ಸೆಲ್‌ಗಳನ್ನು ಆಸಿಡ್‌ನಲ್ಲಿ ಕಾಯಿಸಿ ಕರಗಿಸುವ ಡೈಜೆಶನ್‌ನಲ್ಲಿ ಇನ್ನೊಂದು ಪೆಟ್ಟು. ಒಂದು ದಿನ ಟ್ಯೂಬ್ ಒಣಗಿ ಕಪ್ಪಾಯಿತು. ಸೆಲೆನಿಯಂ ಎಲ್ಲಾ ಹಾರಿ ಹೋಗಿತ್ತು. ಪರ್ಕ್ಲೋರಿಕ್ ಆಸಿಡ್ ಇರುವಾಗ ಒಣಗಲು ಬಿಡೋದು ಅಪಾಯ ಕೂಡ. ಆವತ್ತಿನಿಂದ ಡೈಜೆಶನ್ ಮುಗಿಯುವವರೆಗೆ ನಾನು ಜಾಗ ಬಿಟ್ಟು ಏಳುವುದಿಲ್ಲ. ಗೊತ್ತಿರುವಷ್ಟು ಸೆಲೆನಿಯಂ ಸೇರಿಸಿ ನೋಡಿದರೆ ಮೊದಲು ನೂರಕ್ಕೆ ಅರವತ್ತು ವಾಪಸ್ ಸಿಗುತ್ತಿತ್ತು, ಈಗ 95ರ ಹತ್ತಿರ ಇದೆ.

10 ಎಂಎಲ್ ಮೀಡಿಯಾದಲ್ಲಿ (ಸೆಲ್ ಬೆಳೆಸುವ ದ್ರವದಲ್ಲಿ) 5 ಮೈಕ್ರೊಮೋಲಾರ್ ಸೆಲೆನೈಟ್ ಅಂದರೆ ಸೆಲೆನಿಯಂ ಬರೀ 4 ಮೈಕ್ರೊಗ್ರಾಂ. ಅದರಲ್ಲಿ ನೂರಕ್ಕೆ ಐದು ಪಾಲು ಒಳಗೆ ಹೋದರೂ 200 ನ್ಯಾನೊಗ್ರಾಂ. ಡಿಎಎನ್‌ಗೆ ಅಷ್ಟು ಧಾರಾಳವಾಗಿ ಸಾಕು. ಅಜ್ಜನ ಕಾಲದ್ದು ಅಂದವರು ಈ ಲೆಕ್ಕ ಹಾಕಿಯೇ ಇರಲಿಲ್ಲ.

ಆದರೂ ರೀಡಿಂಗ್ ಒಂದು ವಾರ ಮೇಲೆ, ಒಂದು ವಾರ ಕೆಳಗೆ. ನಾಲ್ಕು ತಿಂಗಳು ಇದರಲ್ಲೇ ಹೋಯಿತು. 40 ಸಾವಿರ ಕೊಟ್ಟು ತರಿಸಿದ, ಮೀಡಿಯಾಗೆ ಬೆರೆಸುವ ಸೀರಂ ಬಾಟಲಿ ಅರ್ಧ ಖಾಲಿಯಾಯಿತು. ಮಳೆಗಾಲದಲ್ಲಿ ಫಂಗಸ್ ಬಂದು ಎರಡು ಬ್ಯಾಚ್ ಬಿಸಾಕಿದೆ. ಕೊನೆಗೆ ತಪ್ಪು ಸಿಕ್ಕಿದ್ದು ನನ್ನ ಕೈರೂಢಿಯಲ್ಲೇ. ಸೆಲೆನೈಟ್ ಹಾಕುವ ಮುಂಚೆ ನಾನು ಮೀಡಿಯಾ ಬದಲಾಯಿಸುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತೇವೆ, ಅಲ್ವಾ? ಆದರೆ ಸೆಲೆನೈಟ್ ಇದ್ದ ಹಾಗೇ ಒಳಗೆ ನುಗ್ಗುವುದು ಕಡಿಮೆ. ಸೆಲ್‌ಗಳು ಎಕ್ಸ್‌ಸಿಟಿ ಅನ್ನುವ ಬಾಗಿಲಿನಿಂದ (ಸೆಲ್ ಪೊರೆಯಲ್ಲಿರುವ ಪ್ರೋಟೀನ್) ಸಿಸ್ಟೀನ್ (cystine) ಎಳೆದುಕೊಂಡು, ಒಳಗೆ ಅದನ್ನು ಒಡೆದು ಸಿಸ್ಟೀಯಿನ್ (cysteine) ಮಾಡಿ ಹೊರಗೂ ಬಿಡುತ್ತವೆ. ಆ ಸಿಸ್ಟೀಯಿನ್ ಹೊರಗಡೆಯೇ ಸೆಲೆನೈಟನ್ನು ಸೆಲೆನೈಡ್ ಮಾಡುತ್ತದೆ. ಅದು ಸಲೀಸಾಗಿ ಒಳಗೆ ಹೋಗುತ್ತದೆ. ಹೊಸ ಮೀಡಿಯಾ ಹಾಕಿದಾಗಲೆಲ್ಲ ರಾತ್ರಿಯಿಡೀ ಸೇರಿದ್ದ ಸಿಸ್ಟೀಯಿನನ್ನು ನಾನೇ ಸಿಂಕಿಗೆ ಚೆಲ್ಲುತ್ತಿದ್ದೆ.

ಮೀಡಿಯಾ ಮುಟ್ಟದೆ ಸೆಲೆನೈಟ್ ಹಾಕಿದೆ. ಆವತ್ತಿನಿಂದ ರೀಡಿಂಗ್ ಏರಿಳಿಯುವುದು ನಿಂತಿತು. ಎ549 ಅನ್ನುವ ಶ್ವಾಸಕೋಶ ಕ್ಯಾನ್ಸರ್ ಸೆಲ್‌ಗಳು ಎಂಸಿಎಫ್-7 ಅನ್ನುವ ಸ್ತನ ಕ್ಯಾನ್ಸರ್ ಸೆಲ್‌ಗಳಿಗಿಂತ ಎರಡೂವರೆ ಪಟ್ಟು ಸೆಲೆನಿಯಂ ತೆಗೆದುಕೊಂಡವು. ಎಕ್ಸ್‌ಸಿಟಿ ಹೆಚ್ಚಾಗದಂತೆ ತಡೆಯುವ ಕೀಪ್1 ಜೀನ್ ಎ549ರಲ್ಲಿ ಕೆಟ್ಟಿದೆ, ಹಾಗಾಗಿ ಎಕ್ಸ್‌ಸಿಟಿ ಜಾಸ್ತಿ. ಸಲ್ಫಸಲಜೀನ್ ಅನ್ನುವ ಔಷಧಿ ಹಾಕಿ ಆ ಬಾಗಿಲು ಮುಚ್ಚಿದಾಗ ಅರ್ಧಕ್ಕಿಂತ ಕೆಳಗಿಳಿಯಿತು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕ್ಯಾನ್ಸರ್ ಸೆಲ್ ತನ್ನನ್ನು ಕಾಪಾಡಿಕೊಳ್ಳಲು ತೆರೆದ ಬಾಗಿಲಿನ ದೆಸೆಯಿಂದಲೇ ಅದಕ್ಕೆ ವಿಷ ಹೋಗುತ್ತದೆ. ಬೇರೆಯವರ ಪೇಪರಿನಲ್ಲಿ ಓದಿದ್ದನ್ನು ನಮ್ಮೂರಿನ ಫ್ಲಾಸ್ಕಿನಲ್ಲಿ ನಾನೇ ಕಂಡೆ.

ಸೆಲ್ ಹೊರಮೈಗೆ ಅಂಟಿದ ಸೆಲೆನಿಯಂ ತೆಗೆಯಲು ನಾನು ಯಾವುದರಲ್ಲಿ, ಎಷ್ಟು ತಣ್ಣಗೆ ತೊಳೆಯುತ್ತೇನೆ ಅನ್ನೋದನ್ನು ಪೇಪರ್ ಬರುವವರೆಗೆ ಹೇಳುವುದಿಲ್ಲ. ಸುಮ್ನೆ ಪಿಬಿಎಸ್ ಉಪ್ಪುನೀರು ಸಾಲದು, ಅಷ್ಟು ಹೇಳಬಲ್ಲೆ. ಎಂಟಿಟಿ (ಸೆಲ್ ಬದುಕಿದೆಯೇ ಅಂತ ಬಣ್ಣದಿಂದ ನೋಡುವ ಪರೀಕ್ಷೆ) ಮಾಡುವವರೂ, ಎಂಟಿಟಿ ಹಾಕುವ ಮುಂಚೆ ಮೀಡಿಯಾ ತೆಗೆಯಿರಿ. ಅದರಲ್ಲಿ ಥಯಾಲ್ (ಸಿಸ್ಟೀಯಿನ್ ಥರದ ಗಂಧಕದ ವಸ್ತು) ಇದ್ದರೆ ಸೆಲ್ ಇಲ್ಲದಿದ್ದರೂ ನೇರಳೆ ಬಣ್ಣ ಬರುತ್ತದೆ.

ನಡುವೆ ಒಂದು ಸಲ ಮೊಸರಿನ ಹೆಪ್ಪಿಗೂ ಸೆಲೆನೈಟ್ ಹಾಕಿ ನೋಡಿದೆ. ಎರಡು ದಿನಕ್ಕೆ ಇಟ್ಟಿಗೆ ಬಣ್ಣ ಬಂತು. ಬ್ಯಾಕ್ಟೀರಿಯಾ ಅದನ್ನು ಕೆಂಪು ಸೆಲೆನಿಯಂ ಮಾಡಿಟ್ಟಿದ್ದವು. ಆ ಪಾತ್ರೆ ಈಗ ಲ್ಯಾಬಿಗೇ ಮೀಸಲು.

ವಿಷಯ ಗೊತ್ತಾಗಿ ಹರಿಹರದಿಂದ ಚಿಕ್ಕಮ್ಮ ಫೋನ್ ಮಾಡಿದರು. "ಆ ಸೆಲೆನಿಯಂ ಮಾತ್ರೆ ನಿಮ್ಮ ಚಿಕ್ಕಪ್ಪಂಗೆ ಕೊಡಬಹುದೇನಮ್ಮಾ?" ಚಿಕ್ಕಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್. "ಡಾಕ್ಟರನ್ನ ಕೇಳದೆ ಕೊಡಬ್ಯಾಡ್ರಿ ಚಿಕ್ಕಮ್ಮ" ಅಂದೆ. ಅಮೆರಿಕದವರು ಸೆಲೆಕ್ಟ್ ಅನ್ನುವ ಪ್ರಯೋಗದಲ್ಲಿ 35 ಸಾವಿರಕ್ಕೂ ಹೆಚ್ಚು ಗಂಡಸರನ್ನು ಸೇರಿಸಿ, ಸೆಲೆನಿಯಂ ಗುಂಪಿಗೆ ದಿನಕ್ಕೆ 200 ಮೈಕ್ರೊಗ್ರಾಂ ಕೊಟ್ಟರು. ಪ್ರಾಸ್ಟೇಟ್ ಕ್ಯಾನ್ಸರ್ ತಡೆಯಲಿಲ್ಲ ಅಂತ 2008ರಲ್ಲಿ ನಿಲ್ಲಿಸಿದರು. ಮೊದಲೇ ಮೈಯಲ್ಲಿ ಸೆಲೆನಿಯಂ ಜಾಸ್ತಿ ಇದ್ದವರಿಗೆ ಉಗ್ರ ರೂಪದ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾದದ್ದೂ ಆಮೇಲೆ ಕಂಡಿತು. ಅಲ್ಲಿ ಕೊಟ್ಟಿದ್ದು ಸೆಲೆನೊಮಿಥಿಯೊನಿನ್, ಅಂದರೆ ಮಿಥಿಯೊನಿನ್ ಅನ್ನುವ ಅಮೈನೊ ಆಮ್ಲದ ಸೆಲೆನಿಯಂ ರೂಪ. ಅದು ಮಿಥಿಯೊನಿನ್ ಹೋಗುವ ಬಾಗಿಲಿನಿಂದ ಹೋಗುತ್ತದೆ, ಎಕ್ಸ್‌ಸಿಟಿಗೆ ಸಂಬಂಧವಿಲ್ಲ. ನನ್ನ ಫ್ಲಾಸ್ಕಿನ ಫಲಿತಾಂಶ ನೋಡಿ ಯಾರೂ ಮಾತ್ರೆ ನುಂಗಬಾರದು. ಸೆಲೆನೈಟ್ ಅಂತೂ ಸ್ವಲ್ಪ ಹೆಚ್ಚಾದರೂ ವಿಷ.

ಮುಂದಿನ ತಿಂಗಳು ಪುಣೆಯಿಂದ ಪಿಸಿ-3 ಸೆಲ್ ಬರುತ್ತದೆ. ಚಿಕ್ಕಪ್ಪನ ಕಾಯಿಲೆಯದೇ ಸೆಲ್. ಅದರಲ್ಲಿ ಎರಡೂ ಬಾಗಿಲನ್ನು ಅಕ್ಕಪಕ್ಕ ಇಟ್ಟು ಅಳೆಯುತ್ತೇನೆ. ಭಾನುವಾರಗಳನ್ನು ಈಗಲೇ ಬರೆಸಿಟ್ಟಿದ್ದೇನೆ.